ಆಯಿ ಹೆಣೆದ ಹೊದಿಕಿ ಈಗ ನನ್ನ ಜಾಕೀಟ್

ಬೆಳಗಾವ್ಯಾಗ ಹಿಡದ ಮಳಿ ಬಿಡವಲ್ದು, ಥಂಡಿಗೆ ಅಂತ ಟ್ರಂಕ್ ತಗದಾಗ ಆಯಿ ಕೊಕ್ಕಿ ಸೂಜೀಲೆ ಹೆಣೆದ ಕ್ರೋಶಾ ಹೊದಿಕಿ ಸಿಕ್ತು, ನುಸಿ ಹತ್ತಿ ಮೂರ್ನಾಕ ಕಡೆ ತೂತ ಬಿದ್ದಿದ್ವು, ಆದ್ರೂ ಚೆಲ್ಲಾಕ ಮನಸ್ಸ ಬರಲಿಲ್ಲ. ಕ್ರೋಶಾ ಮಷೀನ್‌ನಾಗ ಬರೂದಿಲ್ಲ, ಒಂದೊಂದ ಕುಣಿಕಿನೂ ಕೈಯಾಗನ ಆಗಬೇಕು. ನಮ್ಮ ಕಡೆ ಹಳೇ ಸೀರಿ, ಧೋತರ ಕೂಡಿಸಿ ಕೌದಿ ಹೊಲೀತೀವಲ್ಲ, ಇದು ಅದರ ಉಲ್ಟಾ, ಹೊದಿಕಿಯಿಂದ ಅರಿವಿ.

ಸೀದಾ ಕತ್ರಿ ಮಾತ್ರ ಹಾಕಬ್ಯಾಡ್ರಿ! ಒಂದ ದಾರ ತುಂಡಾದ್ರ ಸುತ್ತಲಿಂದೆಲ್ಲಾ ಬಿಚ್ಚಿಕೋತ ಹೋಗತೈತಿ. ನಾ ಹೊದಿಕಿಯ ಚೌಕ ತುಂಡ ಕೂಡಿಸಿದ ಹೊಲಿಗಿ ಅಷ್ಟ ಬಿಚ್ಚಿ, ಚಲೋ ಇದ್ದವು ಆರಿಸಿ, ತಣ್ಣೀರಾಗ ತೊಳದು ಟಾವೆಲ್ ಮ್ಯಾಲ ಹಾಸಿ ಒಣಗಿಸಿದೆ, ಹಗ್ಗಕ್ಕ ಹಾಕಿದ್ರ ನೀರಿನ ಭಾರಕ್ಕ ಜಗ್ಗಿ ಉದ್ದ ಆಗತೈತಿ. ಕಂಕುಳ ಹತ್ರ ಕತ್ತರಿಸಲೇಬೇಕಿತ್ತು, ಅಲ್ಲಿ ಮೊದಲ ಎರಡು ಸಾಲ ಝಿಗ್‌ಝ್ಯಾಗ್ ಹೊಲಿಗಿ ಹೊಡದು ಆಮ್ಯಾಲ ಕತ್ರಿ. ಒಳಗ ಅವ್ವನ ಹಳೇ ಇಳಕಲ್ ಸೀರಿದು ಅಸ್ತರ.

ಒಂದ ಚೌಕದಾಗ ಕೆಂಪು ಉಣ್ಣಿ ಮುಗದು ಆಯಿ ಅರ್ಧಕ್ಕ ಗುಲಾಬಿ ಹಚ್ಯಾಳ, ಕೆಂಪಿನ ಗಂಟು ಇನ್ನೂ ಕೈಗೆ ಹತ್ತತೈತಿ. ಅದನ್ನ ಎಡಕ್ಕ, ಎದಿ ಮ್ಯಾಲ ಇಟ್ಟೇನಿ. ನಿನ್ನೆ ಹಾಕ್ಕೊಂಡು ಖಡೇಬಜಾರಕ್ಕ ಹೋಗಿ ಬಂದೆ, ಥಂಡಿ ಹತ್ತಲೇ ಇಲ್ಲ.