ಚಿತ್ರದುರ್ಗ ಇರುವಾಗ ಅಲ್ಲಿಗೇಕೆ ಹೋದಿರಿ?

ಚಿತ್ರದುರ್ಗ ನೋಡಿದ್ದೇನೆ. ಆರು ಸಲ ನೋಡಿದ್ದೇನೆ. ಓಬವ್ವನ ಕಿಂಡಿಯಲ್ಲಿ ಮೊಣಕೈ ತರಚಿಕೊಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ವೇಲ್ಸ್‌ನ ಕೋಟೆಗಳನ್ನು ನೋಡಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಕಲ್ಲುಗೋಡೆ ನೋಡಲು ಅಷ್ಟು ದುಡ್ಡು ಸುರಿಯಬೇಕಿತ್ತೇ? ನಮ್ಮ ದುರ್ಗದಲ್ಲಿ ಇಲ್ಲದ್ದು ಅಲ್ಲೇನಿದೆ?"

ಕೇಳುವವರಲ್ಲಿ ಹೆಚ್ಚಿನವರು ದುರ್ಗಕ್ಕೆ ಹೋದದ್ದು ಏಳನೇ ತರಗತಿಯ ಪ್ರವಾಸದಲ್ಲಿ. ಅವರಿಗೆ ನೆನಪಿರುವುದು ಕೋತಿ ಕಿತ್ತುಕೊಂಡು ಹೋದ ಚಿತ್ರಾನ್ನ.

ಕಳೆದ ವರ್ಷ ಒಂದು ಮದುವೆಯ ಊಟದಲ್ಲಿ ದೂರದ ಸಂಬಂಧಿಯೊಬ್ಬರು ನನ್ನ ಎದುರಿನ ಎಲೆಗೆ ಕುಳಿತರು. ವಿಮಾನಕ್ಕೆ ಎಷ್ಟು, ವಸತಿಗೆ ಎಷ್ಟು, ಕೋಟೆಯೊಳಗೆ ಹೋಗಲೂ ಟಿಕೆಟ್ಟೇ ಎಂದು ಒಂದೊಂದಾಗಿ ಕೇಳುತ್ತ ಬೆರಳು ಮಡಚಿದರು. ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಮೊತ್ತ ಇಡೀ ಪಂಕ್ತಿಗೆ ಗೊತ್ತಾಗಿತ್ತು.

ದುಡ್ಡಿನ ಮಾತೇ ಬೇಕಿದ್ದರೆ ನನ್ನ ದುಡ್ಡು ಬಿಟ್ಟು ಒಂದನೇ ಎಡ್ವರ್ಡನ ದುಡ್ಡಿನ ಲೆಕ್ಕ ಕೇಳಬಾರದೇ? ಅದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಾನೇ ಶುರು ಮಾಡಿದೆ.

1294ರಲ್ಲಿ ವೇಲ್ಸ್‌ನ ಜನ ಈ ಇಂಗ್ಲಿಷ್ ರಾಜನ ವಿರುದ್ಧ ದಂಗೆ ಎದ್ದರು. ದಂಗೆ ಅಡಗಿಸಿದವನೇ ಮರುವರ್ಷ ಆಂಗ್ಲ್‌ಸಿ ದ್ವೀಪದ ಬ್ಯೂಮಾರಿಸ್‌ನಲ್ಲಿ ಹೊಸ ಕೋಟೆಗೆ ಕೈಹಾಕಿದ. ಪಕ್ಕದ ಲಾನ್‌ವೈಸ್ ಊರಿನವರನ್ನು ಎಬ್ಬಿಸಿ ದ್ವೀಪದ ಇನ್ನೊಂದು ಮೂಲೆಗೆ ಕಳಿಸಿದರು. ದುರ್ಗದಲ್ಲಿ ಅರ್ಧ ಕೋಟೆಯನ್ನು ಬಂಡೆಗಳೇ ಕಟ್ಟಿಕೊಟ್ಟಿವೆ. ಬ್ಯೂಮಾರಿಸ್‌ನದು ಸಮುದ್ರದಂಚಿನ ಜೌಗು ನೆಲ, ಒರಗಿಕೊಳ್ಳಲು ಒಂದು ದಿಣ್ಣೆಯೂ ಇಲ್ಲ. ಅದಕ್ಕೇ ಸುತ್ತ ನೀರಿನ ಕಂದಕ, ಒಂದು ಗೋಡೆಯೊಳಗೆ ಇನ್ನೊಂದು ಗೋಡೆ. ಅಲ್ಲೇನಿದೆ ಎಂದು ಕೇಳಿದಿರಲ್ಲ, ಇದಿದೆ.

ಕಟ್ಟಿಸುತ್ತಿದ್ದ ಮೇಸ್ತ್ರಿ ಸೇಂಟ್ ಜಾರ್ಜ್‌ನ ಜೇಮ್ಸ್. ಅವನೂ ಒಬ್ಬ ಗುಮಾಸ್ತನೂ ಸೇರಿ 1296ರ ಫೆಬ್ರವರಿಯಲ್ಲಿ ರಾಜನ ಖಜಾನೆಗೆ ಬರೆದ ಪತ್ರ ಉಳಿದಿದೆ. ಕೋಟೆಗಿಂತ ನನಗೆ ಅದೇ ಇಷ್ಟ. ವಾರಕ್ಕೆ 250 ಪೌಂಡ್ ಬೇಕು, ಇಷ್ಟು ಹಣ ಎಲ್ಲಿ ಹೋಗುತ್ತದೆ ಎಂದು ನಿಮಗೆ ಆಶ್ಚರ್ಯವಾದರೆ ಕೇಳಿ ಎಂದು ಲೆಕ್ಕ ಒಪ್ಪಿಸುತ್ತಾರೆ: 400 ಕಲ್ಲುಕುಟಿಗರು, 2000 ಕೂಲಿಯಾಳುಗಳು, ಕಲ್ಲುಗಣಿಯಲ್ಲಿ 200 ಜನ, 30 ಕಮ್ಮಾರರು, ಕಲ್ಲು ಮತ್ತು ಕಲ್ಲಿದ್ದಲು ಹೊರುವ 30 ದೋಣಿಗಳು. ಕೂಲಿ ಬಾಕಿ ಉಳಿದಿದೆ, ಹೊಟ್ಟೆಗಿಲ್ಲದವರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿದೆ ಎಂದು ಗೋಳಿಡುತ್ತಾರೆ. ಎಲ್ಲ ಮುಗಿದ ಮೇಲೆ, ತಡೆಯಲಾರದೆ ಕೆಳಗೆ ಇನ್ನೊಂದು ಸಾಲು: ದೇವರಾಣೆಗೂ ಹಣ ಬೇಗ ಕಳಿಸಿ, ಇಲ್ಲದಿದ್ದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ನಮ್ಮ ಸಂಬಂಧಿ ಸರ್ಕಾರಿ ಸೇತುವೆಗಳನ್ನು ಕಟ್ಟಿ ನಿವೃತ್ತರಾದ ಗುತ್ತಿಗೆದಾರರು. ಅದು ನನಗೆ ಆಗ ಗೊತ್ತಿರಲಿಲ್ಲ. ಕಲಸುತ್ತಿದ್ದ ಮೊಸರನ್ನದ ಮೇಲೆ ಅವರ ಕೈ ನಿಂತಿತು.

"ಬಿಲ್ ಪಾಸ್ ಆಯಿತೇ?"

ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದು ಈ ಪ್ರಶ್ನೆಗೆ! ರಾಜನ ಗಮನವೂ ಹಣವೂ ಸ್ಕಾಟ್ಲೆಂಡಿನ ಯುದ್ಧದ ಕಡೆ ಹರಿದವು ಎಂದೆ. ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು. 1306ರಲ್ಲಿ ಮತ್ತೆ ಶುರುವಾಗಿ 1330ರ ಹೊತ್ತಿಗೆ ಪೂರ್ತಿ ಕೈಬಿಟ್ಟರು. ಇವತ್ತಿಗೂ ಒಳಗೋಡೆಯ ಬುರುಜುಗಳು ಅಂದುಕೊಂಡಷ್ಟು ಎತ್ತರಕ್ಕೆ ಏರಿಲ್ಲ. ಉತ್ತರದ ಹೆಬ್ಬಾಗಿಲ ಮೇಲೆ ಅಂಗಳಕ್ಕೆ ಮುಖ ಮಾಡಿ ಐದು ದೊಡ್ಡ ಕಿಟಕಿಗಳಿವೆ, ಹಿಂದೆ ಸಭಾಂಗಣದ ಜಾಗದಲ್ಲಿ ಚಾವಣಿಯಿಲ್ಲ. ನಾನು ಹೋದ ದಿನ ಅಲ್ಲಿ ಮಳೆ ನೇರವಾಗಿ ನೆಲಕ್ಕೇ ಬೀಳುತ್ತಿತ್ತು.

"ಕೂಲಿಯವರ ಬಾಕಿ?" ಎಂದರು. ಉತ್ತರಕ್ಕೂ ಕಾಯದೆ ತಮ್ಮದೊಂದು ಸೇತುವೆಯ ಕೊನೆಯ ಕಂತಿನ ಕಥೆ ತೆಗೆದರು. ಅದು ಕೈ ತೊಳೆಯುವವರೆಗೂ ನಡೆಯಿತು, ಆಮೇಲೆ ತಾಂಬೂಲದವರೆಗೂ ನಡೆಯಿತು. ವಾರದ ಬಳಿಕ ಫೋನ್ ಮಾಡಿದರು. ಟಿಕೆಟ್ಟಿನ ಸುದ್ದಿಯೇ ಎತ್ತಲಿಲ್ಲ. ಅಷ್ಟು ಗೋಡೆಗೆ ಸುಣ್ಣ ಎಲ್ಲಿಂದ ತರಿಸುತ್ತಿದ್ದರು ಎಂದು ಕೇಳಿದರು.