ಲಂಕಾವಿ: ಕಿಲಿಮ್ ನೋಡೋಕೆ ಹೋಟೆಲಿನಲ್ಲಿ ಟಿಕೆಟ್ ತಗೋಬೇಡಿ

ಲಂಕಾವಿಯಲ್ಲಿ ಒಂದೇ ಜಾಗಕ್ಕೆ ಎರಡು ಸಲ ದುಡ್ಡು ಕೊಟ್ಟೆವು. ಮೊದಲ ಸಲ ಮೋಸ ಹೋಗಿ, ಎರಡನೇ ಸಲ ಬೇಕಂತಲೇ.

ಜಾಗದ ಹೆಸರು ಕಿಲಿಮ್. ಮಲೇಷ್ಯಾದ ಲಂಕಾವಿ ದ್ವೀಪಗಳಿಗೆ ಯುನೆಸ್ಕೊ 2007ರಲ್ಲಿ ಜಿಯೋಪಾರ್ಕ್, ಅಂದರೆ ಕಲ್ಲು-ನೆಲದ ಇತಿಹಾಸಕ್ಕೆ ಹೆಸರಾದ ಜಾಗ ಅನ್ನುವ ಪಟ್ಟ ಕೊಟ್ಟಿದೆ, ಆಗ್ನೇಯ ಏಷ್ಯಾಕ್ಕೇ ಅದು ಮೊದಲನೆಯದು. ಕಿಲಿಮ್ ಅದರ ಒಂದು ಭಾಗ. ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿವೆ, ಬುಡದಲ್ಲೆಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕುಂದಾಪುರದವಳಾದ ನನಗೆ ಕಾಂಡ್ಲಾ ಹೊಸದಲ್ಲ. ಆದರೆ ಕಾಂಡ್ಲಾ ನಡುವೆ ಇಂಥ ಬಂಡೆ, ಬಂಡೆಯೊಳಗೆ ಗುಹೆ, ಇದನ್ನು ನೋಡಿರಲಿಲ್ಲ.

ಮೊದಲ ಸಲ ಹೋಟೆಲಿನ ಕೌಂಟರಿನಲ್ಲೇ ಬುಕ್ ಮಾಡಿದೆವು. ತಲೆಗಿಷ್ಟು ಅಂತ ದರ, ಊಟ ಸೇರಿ. ವ್ಯಾನ್ ಮುಕ್ಕಾಲು ಗಂಟೆ ತಡ. ದೋಣಿಯಲ್ಲಿ ನಮ್ಮನ್ನು ತುಂಬಿದ ರೀತಿ ನೋಡಿದರೆ ಹಬ್ಬದ ಹಿಂದಿನ ದಿನದ ಬಸ್ಸು ನೆನಪಾಯಿತು. ಸ್ವಲ್ಪ ದೂರ ಹೋಗಿ ದೋಣಿ ನಿಂತಿತು. ಮೇಲೆ ಗರುಡಗಳು ಸುತ್ತುತ್ತಿದ್ದವು. ಅಮ್ಮ ಅಭ್ಯಾಸದಂತೆ ಕೈ ಮುಗಿದರು. ಅಷ್ಟರಲ್ಲಿ ದೋಣಿಯವನು ಒಂದು ಬಕೆಟ್ ಕೋಳಿ ಚರ್ಮ ನೀರಿಗೆ ಸುರಿದು, ಎಂಜಿನ್ ಜೋರಾಗಿ ತಿರುಗಿಸಿ ನೀರು ಕಲಕಿದ. ಗರುಡಗಳು ಮುಗಿಬಿದ್ದವು. ಅಮ್ಮನ ಮುಖ ನೋಡಬೇಕಿತ್ತು!

ಆಮೇಲೆ ಮೀನು ಸಾಕುವ ತೇಲುಮನೆಯಲ್ಲಿ ಒಂದು ಗಂಟೆ ಕಾಯಿಸಿದರು, ಯಾಕೆ ಅಂತ ಈಗಲೂ ಗೊತ್ತಿಲ್ಲ. ಊಟ ತಣ್ಣಗಿತ್ತು. ಬಾವಲಿ ಗುಹೆಗೆ ಕೊಟ್ಟದ್ದು ಹದಿನೈದೇ ನಿಮಿಷ. ಮೊಸಳೆ ಗುಹೆಯ ಹತ್ತಿರ ಬರುವಷ್ಟರಲ್ಲಿ ನೀರು ಏರಿತ್ತು. ಅದರ ಸೂರು ತಗ್ಗು, ಉಬ್ಬರದಲ್ಲಿ ದೋಣಿ ನುಗ್ಗೋದಿಲ್ಲ. ಹೊರಗಿನಿಂದಲೇ ಫೋಟೋ ತೆಗೆದು ವಾಪಸ್.

ಸಿಟ್ಟಿನಲ್ಲೇ ರಾತ್ರಿ ಊಟಕ್ಕೆ ಹೊರಟೆವು. ಆಗ ಸಿಕ್ಕಿದ್ದು ಹೋಟೆಲಿನ ಹಿಂದಿನ ರಸ್ತೆಯ ರೊಟಿ ಚನಾಯ್ ಅಂಗಡಿ. ನಮ್ಮ ಪರೋಟದ ಅಣ್ಣ ಅನ್ನಿ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಪೇಪರಿನಷ್ಟು ತೆಳ್ಳಗೆ ಮಾಡಿ, ಮಡಚಿ ಕಾವಲಿಗೆ ಹಾಕುತ್ತಾರೆ. ಬೇಯಿಸಿದ ಮೇಲೆ ಎರಡೂ ಕೈಯಿಂದ ತಟ್ಟಿದರೆ ಪದರ ಪದರ ಬಿಡುತ್ತದೆ. ಜೊತೆಗೆ ತೆಳು ಬೇಳೆ ಸಾರು. ಒಂದಕ್ಕೆ ಎರಡು ರಿಂಗಿಟ್, ನಮ್ಮ ಲೆಕ್ಕದಲ್ಲಿ 40 ರೂಪಾಯಿ ಆಸುಪಾಸು. ತಮ್ಮ ಐದು ತಿಂದ. ಎತ್ತರದಿಂದ ಮತ್ತೆ ಮತ್ತೆ ಸುರಿದು ನೊರೆ ಬರಿಸಿದ ತೆಹ್ ತಾರಿಕ್, ಅಂದರೆ ಎಳೆದ ಚಹಾ. ಸಿಹಿ ಜಾಸ್ತಿ, ಕಡಿಮೆ ಮಾಡಿ ಅಂತ ಮೊದಲೇ ಹೇಳಿ. ಸಸ್ಯಾಹಾರಿಗಳು ಸಂಬಾಲ್ ಅನ್ನುವ ಖಾರದ ಚಟ್ನಿ ಮುಟ್ಟಬೇಡಿ, ಅದರಲ್ಲಿ ಸಾಮಾನ್ಯವಾಗಿ ಸಿಗಡಿ ಇಲ್ಲವೇ ಒಣಮೀನು ಇರುತ್ತದೆ. ನಾಲ್ಕು ದಿನದಲ್ಲಿ ಆರು ಸಲ ಅಲ್ಲಿಗೆ ಹೋದೆವು.

ದಾರಿ ತೋರಿಸಿದವರೂ ಆ ಅಂಗಡಿಯವರೇ. ತಮ್ಮನಿಗೆ ತಮಿಳು ಬರುತ್ತದೆ, ಅವರಿಗೂ. "ಸೀದಾ ಕಿಲಿಮ್ ಜೆಟ್ಟಿಗೆ ಹೋಗಿ. ಅಲ್ಲಿ ಊರಿನವರದ್ದೇ ಸಹಕಾರ ಸಂಘ ಇದೆ" ಅಂದರು.

ಹೋದೆವು. ಜೆಟ್ಟಿಯಲ್ಲಿ ದರ ತಲೆಗಲ್ಲ, ಇಡೀ ದೋಣಿಗೆ, ಗಂಟೆ ಲೆಕ್ಕದಲ್ಲಿ. ಇನ್ನೊಂದು ಕುಟುಂಬದ ಜೊತೆ ಸೇರಿದೆವು, ಹೋಟೆಲಿನಲ್ಲಿ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ ಬಿತ್ತು. ದೋಣಿಯವರು ಮೊದಲು ಮೀನು ಹಿಡಿಯುತ್ತಿದ್ದ ಹಳ್ಳಿಯವರು. ಹೊರಡುವ ಮುಂಚೆ ಎರಡು ಮಾತು ಹೇಳಿದೆವು: ಗರುಡಕ್ಕೆ ಏನೂ ಹಾಕಬೇಡಿ, ನಿಧಾನ ಹೋಗಿ. ಅವರು ನಕ್ಕು ಒಪ್ಪಿದರು. ಜೆಟ್ಟಿಯಲ್ಲೂ ಹೇಳದಿದ್ದರೆ ಕೋಳಿ ಚರ್ಮ ಬರಬಹುದು, ಪ್ರವಾಸಿಗರೇ ಕೇಳುತ್ತಾರಲ್ವಾ! ಮೀನು, ಏಡಿ ಹಿಡಿದು ಬದುಕುವ ಹಕ್ಕಿ ಎಸೆದದ್ದಕ್ಕೆ ಕಾದು ಕೂತರೆ ಬೇಟೆ ಬಿಡುತ್ತದೆ. ವೇಗದ ದೋಣಿಯ ಅಲೆ ದಡದ ಕೆಸರು ಕೊಚ್ಚಿ ಕಾಂಡ್ಲಾ ಬೇರನ್ನು ಬಯಲು ಮಾಡುತ್ತದೆ. ಒಂದು ತಿರುವಿನಲ್ಲಿ ಹಾಗೆ ಒರಗಿದ ಮರಗಳನ್ನು ಅವರೇ ತೋರಿಸಿದರು.

ಬಾವಲಿ ಗುಹೆಯಲ್ಲಿ ಈ ಸಲ ಪುರುಸೊತ್ತಾಗಿ ನಿಂತೆವು. ಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಹಳೇ ಚಿಪ್ಪುಗಳು ಅಂಟಿಕೊಂಡಿವೆ. ಒಂದು ಕಾಲಕ್ಕೆ ಸಮುದ್ರ ಅಷ್ಟು ಮೇಲಿತ್ತಂತೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬದಂಥ ಬಂಡೆ ಮೇಲೆ ಕೂತು ಚಿಪ್ಸ್ ತಿಂದು ಬಂದವಳು ನಾನು, ಆಗ ಅದೇನು ಅಂತ ಯಾರನ್ನೂ ಕೇಳಿರಲಿಲ್ಲ. ಮೊಸಳೆ ಗುಹೆಯೊಳಗೂ ಈ ಸಲ ನುಗ್ಗಿದೆವು, ತಲೆ ಬಗ್ಗಿಸಿಕೊಂಡು. ಮೊಸಳೆ ಇಲ್ಲ.

ಹೋಗುವವರು ಹಿಂದಿನ ದಿನವೇ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ಗುಹೆ ಹತ್ತಿರ ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಿಡೋದಿಲ್ಲ. ದ್ವೀಪದಲ್ಲಿ ನಂಬಬಹುದಾದ ಊರ ಬಸ್ಸು ನಮಗೆ ಸಿಗಲಿಲ್ಲ. ಜೆಟ್ಟಿಗೆ ಗ್ರ್ಯಾಬ್ (ನಮ್ಮ ಓಲಾ, ಊಬರ್ ಥರದ ಆ್ಯಪ್) ಕಾರು ಸುಲಭವಾಗಿ ಬಂತು, ವಾಪಸ್ಸಿಗೆ ಬಿಸಿಲಲ್ಲಿ ಅರ್ಧ ಗಂಟೆ ಕಾದೆವು.

ಕೇಬಲ್ ಕಾರ್ ಹೇಗಿತ್ತು ಅಂತ ಕೇಳಬೇಡಿ. ಕ್ಯೂ ನೋಡಿಯೇ ತಿರುಗಿ ರೊಟಿ ಅಂಗಡಿಗೆ ಹೋದೆವು.