ಎರಡು ಪೈಪು, ಎರಡು ಬಿಸಿ

ಅಪ್ಪ ಬಾನೆಟ್ ಎತ್ತಿದವರು ರೇಡಿಯೇಟರ್ ಕಡೆ ನೋಡಲೇ ಇಲ್ಲ. ಎಂಜಿನ್ ಹತ್ತು ನಿಮಿಷ ಓಡಲಿ ಎಂದರು. ಆಮೇಲೆ ಎಂಜಿನ್‌ನ ಬಿಸಿ ನೀರನ್ನು ತಣಿಯಲು ರೇಡಿಯೇಟರ್‌ಗೆ ಒಯ್ಯುವ ಮೇಲಿನ ಎರಡು ಹೋಸ್ ಪೈಪುಗಳಿಗೆ ಬೆರಳ ತುದಿ ತಾಗಿಸಿ ತಾಗಿಸಿ ತೆಗೆದರು. "ಬಲಗಡೇದು ಬೇರೆ ಥರ ಕಾದಿದೆ ಕಣೋ" ಎಂದರು. ನಾನು ಒಳಗೆ ಹೋಗಿ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಹಿಡಿದೆ. ಎಡಗಡೆ 180 ಡಿಗ್ರಿ ಫ್ಯಾರನ್‌ಹೀಟ್, ಬಲಗಡೆ 215. ನನ್ನ ಹಳೇ ಕಾರು ಯಾಕೆ ಕುದಿಯುತ್ತೆ ಅಂತ ಎರಡು ಬೇಸಿಗೆ ನಾನು ತಲೆ ಕೆಡಿಸಿಕೊಂಡಿದ್ದು ಅವರ ಬೆರಳಿಗೆ ಹತ್ತು ನಿಮಿಷದಲ್ಲಿ ಸಿಕ್ಕಿತ್ತು.

ಗಾಡಿ 1946ರ ಫೋರ್ಡ್. ನಾವಿರುವುದು ಡೆಟ್ರಾಯಿಟ್ ಪಕ್ಕ, ವುಡ್‌ವರ್ಡ್ ರಸ್ತೆಗೆ ಐದು ನಿಮಿಷದ ದಾರಿ. ಪ್ರತಿ ಆಗಸ್ಟ್‌ನ ಮೂರನೇ ಶನಿವಾರ ಆ ರಸ್ತೆಯಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಹಳೇ ಗಾಡಿಗಳದೇ ಜಾತ್ರೆ. ನಮ್ಮೂರ ತೇರಿನ ಹಾಗೆ ಇಂಚಿಂಚೇ ಮುಂದೆ ಹೋಗಬೇಕು. ಹಿಂದಿನ ವರ್ಷ ಅಲ್ಲೇ ನನ್ನ ಗಾಡಿ ಕುದ್ದು ನಿಂತಿತ್ತು. ಮಗಳು ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು, ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಆಮೇಲೆ ಹೊಸ ರೇಡಿಯೇಟರ್ ಹಾಕಿಸಿದೆ. ನೀರು ಕಾದ ಮೇಲೆ ದಾರಿ ಬಿಡುವ ಥರ್ಮೋಸ್ಟಾಟ್ ಬದಲಾಯಿಸಿದೆ. ನೀರು ಓಡಿಸುವ ಪಂಪ್‌ಗಳ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಅವು ರೀಬಿಲ್ಡ್ ಆಗಿ, ಅಂದರೆ ಬಿಚ್ಚಿ ಹೊಸದಾಗಿ ಕಟ್ಟಿ, ಬಂದಿದ್ದವು, ಮೇಲೆ ಹೊಸ ಪೇಂಟ್ ಮಿಂಚುತ್ತಿತ್ತು.

ಈ ಗಾಡಿಯದು ಫ್ಲಾಟ್‌ಹೆಡ್ ವಿ-8, ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಚಪ್ಪಟೆ ತಲೆಯ ಎಂಜಿನ್. ಅದಕ್ಕೆ ಬಿಸಿ ಹುಟ್ಟುಗುಣ. ಹೆನ್ರಿ ಫೋರ್ಡ್ 1932ರಲ್ಲಿ ಇದನ್ನು ತಂದಾಗ ಎಂಟು ಸಿಲಿಂಡರ್ ಅಂದರೆ ಸಾಹುಕಾರರ ಗಾಡಿ. ಅವನು ಇಡೀ ಬ್ಲಾಕನ್ನು, ಅಂದರೆ ಎಂಜಿನ್ನಿನ ಮೈಯನ್ನು, ಒಂದೇ ಎರಕದಲ್ಲಿ ತೆಗೆದು, 460 ಡಾಲರ್‌ನಿಂದ ಶುರುವಾಗುವ ಕಾರಿಗೆ ಕೂರಿಸಿದ. ಅಪ್ಪ ಬಂದ ಹೊಸದರಲ್ಲಿ ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಎಡಿಸನ್ನನ ಫೋರ್ಟ್ ಮೈಯರ್ಸ್ ಪ್ರಯೋಗಶಾಲೆಯನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಾರೆ. ಈ ಎಂಜಿನ್‌ನ ಮೊದಲ ಕೆಲಸ ಗುಟ್ಟಾಗಿ ನಡೆದದ್ದು ಆ ಕಟ್ಟಡದಲ್ಲೇ. ಅಪ್ಪ ಅಲ್ಲಿ ಸುಮಾರು ಹೊತ್ತು ಸುಮ್ನೆ ನಿಂತಿದ್ದರು. ಹಾಸನದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಫೋರ್ಡ್ ಲಾರಿಗಳಲ್ಲಿ ಇದೇ ವಿ-8 ಬಿಚ್ಚಿ ಕಟ್ಟಿದ್ದರಂತೆ.

ಬಿಸಿ ಯಾಕೆ ಅಂತ ಅಪ್ಪನೇ ನನ್ನ ಮಗಳಿಗೆ ಹೇಳಿದ ರೀತಿ ಚೆನ್ನಾಗಿತ್ತು. ಊರಿನ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಇತ್ತಲ್ವಾ, ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಈ ಎಂಜಿನ್ನೂ ಹಾಗೇ. ವಾಲ್ವ್‌ಗಳು ಬ್ಲಾಕಿನ ಒಳಗೆ, ವಿ ಆಕಾರದ ಮಧ್ಯೆ ಇವೆ. ಸುಟ್ಟ ಹೊಗೆ ಅಲ್ಲಿಂದ ಸಿಲಿಂಡರ್‌ಗಳ ಸಂದಿಯಲ್ಲಿ, ನೀರಿನ ನಡುವೆಯೇ ಹಾದು ಹೊರಗೆ ಬರಬೇಕು. ಒಂದೊಂದು ಕಡೆ ಸಿಲಿಂಡರ್ ನಾಲ್ಕು, ಹೊಗೆ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರ್‌ಗೆ ಒಂದೇ ಬಾಯಿ. ಹಾಗಾಗಿ ಆ ನಡುವಿನ ಜಾಗ ಸದಾ ಕೆಂಡ. ಬಾಯ್ಲರ್‌ನಲ್ಲಿ ನೀರು ಕಾಯಲಿ ಅಂತಲೇ ಮಾಡಿದ್ದು. ಇಲ್ಲಿ ಅದೇ ನೀರನ್ನು ನಿಲ್ಲದ ಹಾಗೆ ಓಡಿಸುತ್ತಿರಬೇಕು. ಓಡಿಸುವುದು ಎರಡು ಪಂಪ್, ಕಡೆಗೊಂದು. 1936ರವರೆಗೆ ಪಂಪ್‌ಗಳು ಸಿಲಿಂಡರ್‌ಗಳ ಮುಚ್ಚಳದಂತಿರುವ ಹೆಡ್ ಮೇಲೆ ಕೂತು ಬಿಸಿ ನೀರನ್ನು ಎಳೆಯುತ್ತಿದ್ದವು. 1937ರಲ್ಲಿ ಅವನ್ನು ಬ್ಲಾಕಿನ ಮುಂದಕ್ಕೆ ಇಳಿಸಿ, ರೇಡಿಯೇಟರ್‌ನಲ್ಲಿ ತಣಿದ ನೀರನ್ನು ಒಳಗೆ ತಳ್ಳುವ ಹಾಗೆ ಮಾಡಿದರು. ಒಂದು ಕಡೆಯ ಪಂಪ್ ಸೋತರೆ ಆ ಕಡೆಯ ನಾಲ್ಕು ಸಿಲಿಂಡರ್‌ಗೂ ಕಷ್ಟ. ಬಿಸಿ ತೋರಿಸುವ ಮೀಟರ್ ನೋಡಿದರೆ ಅದು ಯಾವ ಕಡೆ ಅಂತ ಗೊತ್ತಾಗುವುದಿಲ್ಲ.

ಭಾನುವಾರ ಬೆಳಗ್ಗೆ ಕೆಲಸ ಶುರು. ಪಕ್ಕದ ಮನೆಯ ಯಜಮಾನರು, ನಿವೃತ್ತ ಟೂಲ್ ಮೇಕರ್, ಬಿಡಿಭಾಗ ಒತ್ತಿ ಕೂರಿಸುವ ತಮ್ಮ ಕೈ ಪ್ರೆಸ್ ಹೊತ್ತುಕೊಂಡು ಬಂದರು. ಮೊದಲು ಹಳೇ ಕೂಲಂಟ್, ಅಂದರೆ ಎಂಜಿನ್ ತಣಿಸುವ ಆ ನೀರನ್ನು, ಬಕೆಟ್‌ಗೆ ಇಳಿಸಿ ಮುಚ್ಚಿಟ್ಟೆವು. ಅದು ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಈ ಗಾಡಿಯಲ್ಲಿ ಎಂಜಿನ್‌ನ ಮುಂದಿನ ಭಾರ ಕೂತಿರುವುದೂ ಪಂಪ್‌ಗಳ ಮೇಲೆಯೇ. ಅದಕ್ಕೆ ಎಂಜಿನ್ ಬುಡದ ಎಣ್ಣೆ ತೊಟ್ಟಿ, ಸಂಪ್ ಕೆಳಗೆ ಹಲಗೆ ಇಟ್ಟು ಜಾಕ್ ಕೊಟ್ಟೆವು. ಹೊರಗಿನ ಬೋಲ್ಟ್ ಎಲ್ಲ ಬಿಚ್ಚಿದರೂ ಪಂಪ್ ಅಲ್ಲಾಡಲಿಲ್ಲ. ನಾನು ಲಿವರ್ ಹಾಕಲು ಹೋದೆ, ಅಪ್ಪ ಕೈ ಹಿಡಿದರು. "ಎರಕ ಅದು, ಸೀಳಿ ಹೋಗುತ್ತೆ." ಟಾರ್ಚ್ ತಗೊಂಡು ಹೋಸ್ ಕೂರುವ ಬಾಯಿಯೊಳಗೆ ಬಗ್ಗಿ ನೋಡಿದರು. ತುಕ್ಕಿನ ಬಣ್ಣದಲ್ಲೇ ಬೆರೆತು ಒಂದು ಬೋಲ್ಟ್ ಒಳಗಿತ್ತು.

ಬಲಗಡೆಯ ಪಂಪ್ ಕೈಗೆ ಬಂತು. ಶಾಫ್ಟ್ ನುಣ್ಣಗೆ ತಿರುಗುತ್ತಿತ್ತು, ಬೇರಿಂಗ್ ಸಡಿಲ ಇರಲಿಲ್ಲ, ಸೀಲ್ ಸೋರಿರಲಿಲ್ಲ. ಅಪ್ಪ ಒಂದು ಕೈಯಲ್ಲಿ ಪುಲ್ಲಿ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿ, ನೀರು ತಳ್ಳುವ ರೆಕ್ಕೆಯ ಚಕ್ರ ಇಂಪೆಲ್ಲರ್ ತಿರುಚಿದರು. ಅದು ಶಾಫ್ಟ್ ಮೇಲೆ ಜಾರಿತು. ಎಡಗಡೆಯದು ಜಾರಲಿಲ್ಲ. ಬೆಲ್ಟ್ ಓಡುತ್ತಿತ್ತು, ಪುಲ್ಲಿ ತಿರುಗುತ್ತಿತ್ತು, ಒಳಗೆ ಇಂಪೆಲ್ಲರ್ ಮಾತ್ರ ಮನಸ್ಸು ಬಂದಾಗ ತಿರುಗುತ್ತಿತ್ತು. ಒಂದು ತೊಟ್ಟೂ ಸೋರದ ಪಂಪ್ ಕೆಟ್ಟಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ರೀಬಿಲ್ಡ್ ಮಾಡಿದವರು ಬಿಗಿ ಕಳೆದುಕೊಂಡ ಇಂಪೆಲ್ಲರನ್ನೇ ವಾಪಸ್ ಕೂರಿಸಿದ್ದರು. ಆಗ ಸಿಟ್ಟು ಬಂತು. ಬ್ಲಾಕ್ ಬಿರುಕು ಬಿಡದೆ ಉಳಿದದ್ದೇ ದೊಡ್ಡದು.

ಪಂಪ್ ತೆಗೆದ ಜಾಗದಿಂದ ಗಾರ್ಡನ್ ಪೈಪಿನ ನೀರು ಬಿಟ್ಟೆವು. ಮೊದಲು ರಾಗಿ ಗಂಜಿ ಬಣ್ಣದ ನೀರು, ಆಮೇಲೆ ತುಕ್ಕಿನ ಚಕ್ಕೆ, ಕೊನೆಗೆ ಕಪ್ಪು ಮರಳು. ಎರಕ ಹೊಯ್ಯುವಾಗ ಒಳಗೆ ಉಳಿದ ಮರಳು ಅದು. ಬ್ಲಾಕಿನ ಬುಡದ ನಲ್ಲಿ ಪೂರಾ ಕಟ್ಟಿಕೊಂಡಿತ್ತು. ತಂತಿ ಹಾಕಿ ಕೆದಕಿದಷ್ಟೂ ಬರುತ್ತಿತ್ತು. ಮಗಳು ಆ ಮರಳನ್ನು ಒಂದು ಬಾಟಲಿಗೆ ತುಂಬಿಟ್ಟುಕೊಂಡಿದ್ದಾಳೆ.

ಯಜಮಾನರು ಪ್ರೆಸ್‌ನಲ್ಲಿ ಹಳೇ ಶಾಫ್ಟ್ ಹೊರಗೆ ತಳ್ಳಿ, ಹೊಸ ಬೇರಿಂಗ್, ಹೊಸ ಸೀಲ್, ಬಿಗಿಯಾದ ಹೊಸ ಇಂಪೆಲ್ಲರ್ ಕೂರಿಸಿದರು. ಇಂಪೆಲ್ಲರ್ ಬ್ಲಾಕಿಗೆ ಎಷ್ಟು ಹತ್ತಿರ ಓಡುತ್ತದೆ ಅಂತ ನೋಡಬೇಕಿತ್ತು. ತಾಗಿದರೆ ಕೆರೆಯುತ್ತದೆ, ದೂರವಿದ್ದರೆ ನೀರು ತಳ್ಳುವುದಿಲ್ಲ. ಅಪ್ಪ ಅಡುಗೆಮನೆಗೆ ಹೋಗಿ ಚಪಾತಿ ಹಿಟ್ಟಿನ ಉಂಡೆ ತಂದರು. ಇಂಪೆಲ್ಲರ್ ರೆಕ್ಕೆಗೆ ಚಿಟಿಕೆ ಚಿಟಿಕೆ ಮೆತ್ತಿ, ಪ್ಯಾಕಿಂಗ್ ಇಟ್ಟು, ಪಂಪ್ ಬಿಗಿದು, ಮತ್ತೆ ಬಿಚ್ಚಿದರು. ಒತ್ತಿ ಚಪ್ಪಟೆಯಾದ ಹಿಟ್ಟನ್ನು ಬ್ಲೇಡಿನಿಂದ ಕೊಯ್ದು ಅಳೆದರೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್. ಯಜಮಾನರು ಕ್ಯಾಲಿಪರ್ ಕೆಳಗಿಟ್ಟು ಅಪ್ಪನ ಭುಜ ತಟ್ಟಿದರು. ಇಬ್ಬರ ನಡುವೆ ಭಾಷೆ ಇರಲಿಲ್ಲ, ಬೆಳಗ್ಗಿಂದ ಬೇಕೂ ಆಗಿರಲಿಲ್ಲ.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟೆವು. ಬೆಳಗ್ಗೆ ನೋಡಿದರೆ ಬಲ ಪಂಪ್ ಕೆಳಗೆ ಎರಡು ತೊಟ್ಟು. ನನಗೆ ಎದೆ ಧಸಕ್ಕೆಂದಿತು. "ಹೊಸ ಸೀಲ್ ಅಲ್ವಾ, ಮುಖ ಕೂರಬೇಕು, ಒಂದೆರಡು ದಿನ ಓಡಿಸು" ಎಂದರು ಅಪ್ಪ. ಮೂರನೇ ದಿನ ರಟ್ಟು ಒಣಗಿತ್ತು.

ಶನಿವಾರ ವುಡ್‌ವರ್ಡ್‌ಗೆ ಇಳಿದೆವು. ಸುಡು ಬಿಸಿಲು. ಮುಂದೊಂದು ಕೆಂಪು ಮಸ್ಟಾಂಗ್, ಹಿಂದೊಂದು ಹಳೇ ಪಿಕಪ್, ನಾವು ನಡುವೆ ಸಿಕ್ಕಿಕೊಂಡು ನಲವತ್ತು ನಿಮಿಷ ಆಮೆಯ ಹಾಗೆ. ನನ್ನ ಕಣ್ಣು ಮೀಟರ್ ಬಿಟ್ಟು ಅಲ್ಲಾಡಲಿಲ್ಲ. ಮುಳ್ಳು ಸ್ವಲ್ಪ ಏರಿತು, ನಿಂತಿತು. ಅಪ್ಪ ಮಾತ್ರ ಮೀಟರ್ ಕಡೆ ತಿರುಗಲಿಲ್ಲ. "ಪಕ್ಕಕ್ಕೆ ಹಾಕು" ಎಂದರು. ಒಂದು ಅಂಗಡಿ ಮುಂದೆ ನಿಲ್ಲಿಸಿದೆ. ಇಳಿದು ಬಾನೆಟ್ ಎತ್ತಿ ಎಡಗಡೆ ಪೈಪಿಗೆ ಬೆರಳು ತಾಗಿಸಿದರು, ಬಲಗಡೆಗೆ ತಾಗಿಸಿದರು, ಮತ್ತೆ ಎಡಗಡೆಗೆ. ಬಾನೆಟ್ ಮುಚ್ಚಿ ಬಂದು ಕೂತು, "ನಡಿ, ಮಗೂಗೆ ಹಸಿವಾಗಿರುತ್ತೆ" ಎಂದರು.